ಕೇಳಿಸುತ್ತದೆ, ತಿಳಿಯುವುದಿಲ್ಲ

ಸವಣೂರಿನ ವೀಳ್ಯದೆಲೆಯ ವ್ಯಾಪಾರದಲ್ಲಿ 'ಎಲೆ' ಬೇರೆ, 'ಎಳೆ' ಬೇರೆ. ಆಯುಷ್ಯವೆಲ್ಲ ಈ ಭೇದವನ್ನು ತಪ್ಪದೆ ಗುರುತಿಸಿದ ಹಿರಿಯನು ಎಪ್ಪತ್ತು ದಾಟಿದ ಮೇಲೆ ಸಂತೆಯ ಗದ್ದಲದಲ್ಲಿ ಒಂದನ್ನು ಮತ್ತೊಂದೆಂದು ತಿಳಿದರೆ, ಮನೆಯವರು "ಅಜ್ಜಗ ಅರಳುಮರಳು" ಎಂದು ನಕ್ಕುಬಿಡುವರು. ಅಜ್ಜನಾದರೋ "ಕೇಳಸ್ತೈತಿ, ತಿಳಿಯಂಗಿಲ್ಲ" ಎನ್ನುವನು. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳ ಕಟ್ಟೆಗಳ ಮೇಲೂ ಈ ಮಾತು ಹೊಸದಲ್ಲ. ಅದು ಅಕ್ಷರಶಃ ಸತ್ಯವೆಂಬುದನ್ನು ವಾಚಕರು ಅರಿಯಬೇಕು.

ನಮ್ಮ ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ನಾಳವೊಂದಿದೆ. ಅದರಲ್ಲಿರುವ ಸುಮಾರು 15,000 ರೋಮಕೋಶಗಳು ಹುಟ್ಟಿದಂದಿನವು; ಸತ್ತರೆ ಮರಳಿ ಹುಟ್ಟವು. ಶಂಖದ ಬುಡದಲ್ಲಿ ತಾರಸ್ವರವನ್ನು ಹಿಡಿಯುವ ಕೋಶಗಳೇ ಮೊದಲು ಸವೆಯುವುದರಿಂದ ಸಕಾರ ಶಕಾರಗಳು ಮಸುಕಾಗುತ್ತವೆ. ಮಂದ್ರದಲ್ಲಿ ಬಲವುಳ್ಳ ಸ್ವರಾಕ್ಷರಗಳು ಉಳಿಯುತ್ತವೆ. ಹೀಗೆ ದನಿಯು ಕೇಳಿಸಿದರೂ ನುಡಿಯು ಜಾರಿಹೋಗುವುದು.

ಆದರೆ ತಪ್ಪೆಲ್ಲ ಕಿವಿಯದಲ್ಲ. 'ಕತೆ', 'ಕತ್ತೆ' ಎಂದು ಮೆಲ್ಲನೆ ಉಚ್ಚರಿಸಿ ನೋಡಿರಿ. ನಾಲಗೆಯು ಹಲ್ಲಿಗೆ ತಾಗಿ ಉಸಿರನ್ನು ತಡೆದಿರುವ ಮೌನವು ಎರಡನೆಯದರಲ್ಲಿ ದೀರ್ಘವಾಗಿದೆ. ಸೆಕೆಂಡಿನ ಹತ್ತರಲ್ಲೊಂದು ಪಾಲಿನ ಆಚೀಚೆಯ ಈ ವ್ಯವಹಾರವನ್ನು ಅಳೆಯುವುದು ಮಿದುಳು. ಬೇಡದ ಸದ್ದನ್ನು ಅದುಮಿ, ಶಬ್ದದ ಆದಿ ಅಂತ್ಯಗಳನ್ನು ಸ್ಪಷ್ಟವಾಗಿಡುವುದರಲ್ಲಿ 'ಗಾಬಾ' ಎಂಬ ದ್ರವ್ಯವು ನೆರವಾಗುವುದು. ಮುಪ್ಪಿನಲ್ಲಿ ಶ್ರವಣಮಾರ್ಗದೊಳಗೆ ಅದು ತಗ್ಗುವುದೆಂದು ಪ್ರಾಣಿಗಳ ಪರೀಕ್ಷೆಯಿಂದ ತಿಳಿದಿದೆ. ಆಗ ನರಗಳ ಕಾಲಗಣನೆ ಸಡಿಲವಾಗಿ ನಡುವಣ ಮೌನಗಳು ತುಂಬಿಹೋದಂತಾಗುತ್ತವೆ. ಆದುದರಿಂದಲೇ, ನಿಶ್ಶಬ್ದವಾದ ಕೋಣೆಯ ಪರೀಕ್ಷೆಯಲ್ಲಿ ಕಿವಿ ಚೆನ್ನಾಗಿದೆಯೆನಿಸಿಕೊಂಡ ವೃದ್ಧರೂ ಮದುವೆಯ ಪಂಕ್ತಿಯಲ್ಲಿ ಪಕ್ಕದವರ ಮಾತಿಗೆ ತಡವರಿಸುವರು.

ಮುದಿಮಿದುಳು ಸುಮ್ಮನೆ ಸೋಲುವುದಿಲ್ಲ. ಜೀವಮಾನದ ಭಾಷಾಜ್ಞಾನವು ಅದರ ಬಂಡವಾಳ. ತಾಂಬೂಲದ ತಟ್ಟೆ ಮುಂದಿದ್ದರೆ ಅರೆಗೇಳಿದ ನುಡಿಯು 'ಎಲೆ'ಯೇ ಎಂದು ಊಹಿಸಿಕೊಳ್ಳುವುದು. ಆದರೆ ಈ ಊಹೆಗೆ ಶ್ರಮವುಂಟು. ಶಕ್ತಿಯೆಲ್ಲ ಕೇಳುವುದರಲ್ಲಿಯೇ ವೆಚ್ಚವಾದರೆ ಕೇಳಿದ್ದನ್ನು ನೆನಪಿಡುವುದಕ್ಕೆ ಉಳಿಯುವುದೇನು? ಬೇಸತ್ತ ಹಿರಿಯರು ಮೂಲೆ ಹಿಡಿಯುವರು. ನಾವು ಅದನ್ನು ವೈರಾಗ್ಯವೆಂದೋ ಹಟವೆಂದೋ ಕರೆಯುವೆವು! ಇದು ಸಣ್ಣ ಮಾತಲ್ಲ. ಮರೆವಿನ ರೋಗವನ್ನು ವಿಚಾರಿಸಿದ ಲ್ಯಾನ್ಸೆಟ್ ಪತ್ರಿಕೆಯ ಪಂಡಿತಮಂಡಲವು 2017ರ ವರದಿಯಲ್ಲಿ, ತಡೆಯಬಹುದಾದ ಅಪಾಯಕಾರಣಗಳ ಸಾಲಿಗೆ ಶ್ರವಣದೋಷವನ್ನೂ ಸೇರಿಸಿತು.

ಹಿರಿಯರ ಕಿವಿಯಲ್ಲಿ ಕಿರಿಚುವುದು ನಮ್ಮಲ್ಲಿ ಸಾಮಾನ್ಯ. ಕಿರಿಚಿದರೆ ಸ್ವರಗಳೇ ಹೆಚ್ಚಾಗಿ ಉಬ್ಬುತ್ತವೆ, ವ್ಯಂಜನಗಳು ಹಿಂದೆ ಬೀಳುತ್ತವೆ. ಕೇಳುವವರಿಗೆ ಬೈದಂತೆಯೂ ಆಗುವುದು. ಅದಕ್ಕಿಂತ ದೂರದರ್ಶನವನ್ನು ಆರಿಸಿ, ಬೆಳಕಿನಲ್ಲಿ ಎದುರಿಗೆ ಕುಳಿತು, ತುಟಿ ಕಾಣುವಂತೆ ನಿಧಾನವಾಗಿ ಆಡುವುದು ಲೇಸು. ತಿಳಿಯದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳದೆ, ಬೇರೆ ಮಾತಿನಲ್ಲಿ ಹೇಳಿರಿ.

ಕಿವಿಯ ವೈದ್ಯರಲ್ಲಿ ಪರೀಕ್ಷೆಯೂ ಅವಶ್ಯ. ಕೆಲವೊಮ್ಮೆ ಗುಗ್ಗೆಯೇ ಅಡ್ಡವಾಗಿರುವುದುಂಟು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕಾರ್ಯಕ್ಕೆ ಹೆಸರಾಗಿದೆ. ಶ್ರವಣಯಂತ್ರವನ್ನು ಕೊಟ್ಟರೆ ಮೂರೇ ದಿನಕ್ಕೆ ಬೇಸತ್ತು ಪೆಟ್ಟಿಗೆಯಲ್ಲಿಡಬಾರದು. ಬಹುಕಾಲ ಕೇಳದಿದ್ದ ಪಾತ್ರೆಯ ಸದ್ದು, ಕಾಗದದ ಸರಸರವೆಲ್ಲ ಒಮ್ಮೆಗೇ ನುಗ್ಗಿಬರುವುದರಿಂದ, ಅವುಗಳ ನಡುವಿನಿಂದ ಮಾತನ್ನು ಹೆಕ್ಕುವುದಕ್ಕೆ ಮಿದುಳಿಗೆ ಕೆಲವು ವಾರಗಳ ಅಭ್ಯಾಸವು ಬೇಕಾಗುವುದು.