ಮೊದಲು ಕೆಂಪು ದೀಪ, ಆಮೇಲೆ ಆಲ್ಟರ್ನೇಟರ್

ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನಿನ ಬ್ಯಾಟರಿಯು ಪದೇಪದೇ ಬರಿದಾಗುತ್ತಿದ್ದಲ್ಲಿ, ಆಲ್ಟರ್ನೇಟರನ್ನೇ ದೂಷಿಸಿ ಹೊಸದನ್ನು ಕೊಳ್ಳಹೊರಡುವ ಮುನ್ನ ಮಲ್ಟಿಮೀಟರನ್ನು ಕೈಗೆತ್ತಿಕೊಳ್ಳುವುದು ಉಚಿತ. ವಿಶ್ರಾಂತಿಯಲ್ಲಿರುವ ಪೂರ್ಣ ಬ್ಯಾಟರಿ ಸುಮಾರು 12.6 ವೋಲ್ಟ್ ತೋರುವುದು. ಎಂಜಿನ್ ಓಡುವಾಗ ಅದು 14ರ ಆಸುಪಾಸಿಗೆ ಏರದಿದ್ದರೆ ಚಾರ್ಜಿಂಗ್ ನಡೆಯುತ್ತಿಲ್ಲವೆಂದೇ ತಿಳಿಯಬೇಕು. ಆಗ ಬೆಲ್ಟಿನ ಬಿಗಿಯನ್ನು ನೋಡಿ, ಎಂಜಿನನ್ನು ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ಸೂಚಕ ದೀಪವನ್ನು ಗಮನಿಸಿರಿ. ರೋಟರಿನಲ್ಲಿ ಕಾಂತತ್ವವನ್ನು ಮೊದಲಿಗೆ ಉದ್ದೀಪಿಸುವ ಅಲ್ಪ ವಿದ್ಯುತ್ತು ಈ ದೀಪದ ಮೂಲಕವೇ ಹಾಯುವುದರಿಂದ, ಅನೇಕರು ಕಡೆಗಣಿಸುವ ಆ ಕಿರಿಯ ಬಲ್ಬು ಸುಟ್ಟುಹೋಗಿದ್ದಲ್ಲಿ, ನಿರ್ದೋಷವಾದ ಆಲ್ಟರ್ನೇಟರೂ ನಿಷ್ಕ್ರಿಯವಾಗಿ ಉಳಿಯಬಹುದು. ದೀಪ ಬೆಳಗಿಯೂ ವೋಲ್ಟೇಜು ಏರದಿದ್ದರೆ, ಆಲ್ಟರ್ನೇಟರಿನ ಬ್ರಷ್ಷುಗಳು ಸವೆದಿವೆಯೇ, ಎಂಜಿನ್ನಿನ ಅರ್ಥ್ ಪಟ್ಟಿಯ ತುದಿಗಳು ತುಕ್ಕು ಹಿಡಿದಿವೆಯೇ ಎಂಬುದನ್ನು ಪರೀಕ್ಷಿಸಿರಿ. ಒಳಗಿನ ದೀಪ, ಫ್ರಿಜ್ಜುಗಳಿಗಾಗಿರುವ ಎರಡನೆಯ ಬ್ಯಾಟರಿ ಮಾತ್ರ ತುಂಬದಿದ್ದರೆ, ಶೋಧಿಸಬೇಕಾದುದು ಎರಡೂ ಬ್ಯಾಟರಿಗಳನ್ನು ಜೋಡಿಸುವ ರಿಲೇ ಮತ್ತು ಫ್ಯೂಸುಗಳನ್ನು.