ನಿಮಗಿದು ಗೊತ್ತೇ? ದುಡ್ಡು ಕೊಟ್ಟರೆ ರೈಲು ಎಂಜಿನ್ ನೀವೇ ಓಡಿಸಬಹುದು!

"ದೊಡ್ಡವನಾದ ಮೇಲೆ ರೈಲು ಬಿಡ್ತೀನಿ!" ಚಿಕ್ಕಂದಿನಲ್ಲಿ ಈ ಮಾತು ಹೇಳದವರು ಯಾರಿದ್ದಾರೆ? ಆಮೇಲೆ ಓದು, ನೌಕರಿ, ಸಂಸಾರ ಅಂತ ಆಸೆ ಎಲ್ಲೋ ಮೂಲೆ ಸೇರಿತು, ಅಲ್ಲವೇ? ಹಾಗಾದರೆ ಕೇಳಿ. ಜಗತ್ತಿನ ಕೆಲವು ರೈಲ್ವೆ ಮ್ಯೂಸಿಯಂಗಳಲ್ಲಿ ಹಣ ಕಟ್ಟಿದರೆ ಸಾಕು, ಡ್ರೈವರ್ ಸೀಟು ನಿಮ್ಮದು. ಆಟಿಕೆ ರೈಲಲ್ಲ, ನೂರಾರು ಟನ್ ಎಳೆದ ಅಸಲಿ ಎಂಜಿನ್!

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೋರ್ಟೋಲಾ ಎಂಬ ಪುಟ್ಟ ಊರಿದೆ. ಅಲ್ಲಿನ ವೆಸ್ಟರ್ನ್ ಪೆಸಿಫಿಕ್ ರೈಲ್‌ರೋಡ್ ಮ್ಯೂಸಿಯಂ ಹಿಂದೆ ಡೀಸೆಲ್ ಎಂಜಿನ್‌ಗಳನ್ನು ರಿಪೇರಿ ಮಾಡುತ್ತಿದ್ದ ಶೆಡ್. ಇಲ್ಲಿ ನಿಮಗೆ ಅನುಭವವೇ ಬೇಕಿಲ್ಲ. ಪಕ್ಕದಲ್ಲಿ ಕಲಿಸುವವರು ಕೂತಿರುತ್ತಾರೆ, ಎಂಜಿನ್ ಓಡಿಸುವವರು ಮಾತ್ರ ನೀವೇ!

ಎಂಜಿನ್‌ಗೆ ಬೀಗದ ಕೈ ಎಲ್ಲಿ ಅಂತ ಹುಡುಕಬೇಡಿ. ಅಮೆರಿಕದ ಇಂಥ ಡೀಸೆಲ್ ಎಂಜಿನ್‌ಗಳಲ್ಲಿ 'ರಿವರ್ಸರ್' ಎಂಬ ಪುಟ್ಟ ಹಿಡಿ ಇರುತ್ತದೆ. ಮುಂದಕ್ಕೆ ತಳ್ಳಿದರೆ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ, ನಡುವೆ ಇಟ್ಟರೆ ನ್ಯೂಟ್ರಲ್. ಡ್ಯೂಟಿ ಮುಗಿದ ಮೇಲೆ ಅದನ್ನು ಕಿತ್ತು ಜೊತೆಗೇ ಒಯ್ಯಬಹುದು. ಆ ಹಿಡಿ ಇಲ್ಲದೆ ಎಂಜಿನ್ ಒಂದಿಂಚೂ ಕದಲದು!

ಸ್ಟೀರಿಂಗ್? ಅದಂತೂ ಇಲ್ಲವೇ ಇಲ್ಲ! ಹಳಿ ಎತ್ತ ಹೋಗುತ್ತದೋ ಎಂಜಿನ್ನೂ ಅತ್ತಲೇ. ವೇಗ ಹೆಚ್ಚಿಸಲು ಕಾಲಡಿಯ ಪೆಡಲ್ಲೂ ಇಲ್ಲ. ಕೈಯಲ್ಲಿ ಹಿಡಿಯುವ ಥ್ರಾಟಲ್‌ಗೆ ಎಂಟು ಮೆಟ್ಟಿಲು. ಒಂದೊಂದು ಮೆಟ್ಟಿಲನ್ನೂ 'ನಾಚ್' ಅನ್ನುತ್ತಾರೆ. ಒಂದನೇ ನಾಚ್‌ಗೆ ಸರಿಸಿದರೆ ಸಾಕು, ಕಾಲ ಕೆಳಗಿನ ನೆಲವೇ ಗುಡುಗುತ್ತದೆ!

ಇನ್ನೊಂದು ವಿಚಿತ್ರ ಕೇಳಿ. ಈ ಎಂಜಿನ್‌ಗಳಲ್ಲಿ ಡೀಸೆಲ್ ಯಂತ್ರ ಗಾಲಿಯನ್ನು ನೇರವಾಗಿ ತಿರುಗಿಸುವುದೇ ಇಲ್ಲ! ಅದು ಬರೀ ಕರೆಂಟ್ ತಯಾರಿಸುತ್ತದೆ. ಗಾಲಿಗಳ ಅಚ್ಚಿನ ಬಳಿ ಇರುವ ಮೋಟಾರುಗಳು ಆ ಕರೆಂಟಿನಿಂದ ಗಾಲಿ ಉರುಳಿಸುತ್ತವೆ. ನೀವು ಓಡಿಸುತ್ತಿರುವುದು ಒಂದು ಪುಟ್ಟ ವಿದ್ಯುತ್ ಸ್ಥಾವರವನ್ನೇ!

ಬ್ರೇಕ್ ಕಥೆ ಇನ್ನೂ ಸ್ವಾರಸ್ಯ. ಗಾಳಿ ತುಂಬಿದರೆ ರೈಲು ನಿಲ್ಲುತ್ತದೆ ಅಂದುಕೊಂಡಿರಾ? ಉಲ್ಟಾ! ಬೋಗಿಗಳ ಉದ್ದಕ್ಕೂ ಹರಿಯುವ ಕೊಳವೆಯಿಂದ ಗಾಳಿ ಹೊರಗೆ ಬಿಟ್ಟಾಗಲೇ ಬ್ರೇಕ್ ಹಿಡಿಯುವುದು. ಕೊಳವೆ ತುಂಡಾದರೆ? ಗಾಳಿಯೆಲ್ಲ ಸೋರಿ ರೈಲು ತಾನಾಗಿಯೇ ನಿಲ್ಲುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ಕೊಟ್ಟ ಈ ಉಪಾಯ ಇಂದಿಗೂ ಜೀವ ಉಳಿಸುತ್ತಿದೆ!

ಪೋರ್ಟೋಲಾದಲ್ಲೇ ಒಂದು ದೈತ್ಯ ಎಂಜಿನ್ನೂ ನಿಂತಿದೆ. ಹೆಸರು 'ಸೆಂಟೆನಿಯಲ್'. ಉದ್ದ 98 ಅಡಿ, ಶಕ್ತಿ 6,600 ಅಶ್ವಶಕ್ತಿ. ಒಂದೇ ಎಂಜಿನ್ನಿನ ಹೊಟ್ಟೆಯಲ್ಲಿ ಎರಡು ಡೀಸೆಲ್ ಯಂತ್ರಗಳು! ಇಂಥವು ತಯಾರಾದದ್ದು 47 ಮಾತ್ರ.

ಡೀಸೆಲ್ ಬೇಡ, ಹೊಗೆ ಉಗುಳುವ ಉಗಿ ಎಂಜಿನ್ನೇ ಬೇಕೇ? ಹಾಗಾದರೆ ನೆವಾಡಾದ ಈಲಿ ಊರಿಗೆ ಹೋಗಬೇಕು. ಅಲ್ಲಿನ ನೆವಾಡಾ ನಾರ್ದರ್ನ್ ರೈಲ್ವೆ ಹಿಂದೆ ತಾಮ್ರದ ಅದಿರು ಸಾಗಿಸುತ್ತಿತ್ತು. ಈಗ ಅದೇ ಹಳಿ, ಅದೇ ಶೆಡ್, ಅದೇ ಎಂಜಿನ್‌ಗಳು ಮ್ಯೂಸಿಯಂ ಆಗಿವೆ. ಇಲ್ಲಿ ಹಣ ಕಟ್ಟಿದರಷ್ಟೇ ಸಾಲದು. ನಿಯಮಗಳ ಪುಸ್ತಕ ಓದಿ ಪರೀಕ್ಷೆ ಪಾಸು ಮಾಡಬೇಕು. ರಜೆಯ ಮೋಜಿಗೂ ಪರೀಕ್ಷೆ!

ಪಾಸಾದವರ ಕೈಗೆ ಬರುವ ಎಂಜಿನ್ ಎಂಥದ್ದು ಗೊತ್ತೇ? 93ನೇ ನಂಬರಿನದು ತಯಾರಾದದ್ದು 1909ರಲ್ಲಿ! ಅದರ ಜೊತೆಗಾರ 40ನೇ ನಂಬರಿನದು 1910ರದ್ದು. ನಮ್ಮ ರಾಜ್ಯಕ್ಕೆ ನೀಲಕಂಠ ರಾಜ್ಯಪಕ್ಷಿ ತಾನೇ? ನೆವಾಡಾಕ್ಕೆ ಈ 40ನೇ ನಂಬರೇ ಅಧಿಕೃತ ರಾಜ್ಯ ಉಗಿ ಎಂಜಿನ್!

ಶಿಳ್ಳೆ ಹೊಡೆಯಲೂ ಲೆಕ್ಕವಿದೆ. ಅಮೆರಿಕದಲ್ಲಿ ರಸ್ತೆ ದಾಟುವ ಜಾಗ ಬಂದರೆ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಕೂಽಽ, ಕೂಽಽ, ಕು, ಕೂಽಽ! ತಂತಿ ಕಳಿಸುತ್ತಿದ್ದ ಕಾಲದ ಮೋರ್ಸ್ ಸಂಕೇತದಲ್ಲಿ ಇದು 'ಕ್ಯೂ' ಅಕ್ಷರ. ಅಂದರೆ ಪ್ರತಿ ಗೇಟಿನಲ್ಲೂ ರೈಲು ಒಂದು ಅಕ್ಷರ ಬರೆದು ಹೋಗುತ್ತದೆ!

ಈಲಿಯ ಶೆಡ್ಡಿಗೆ ಒಬ್ಬ ಯಜಮಾನನಿದ್ದ. ಅವನೊಂದು ಬೆಕ್ಕು! ಕಿತ್ತಳೆ ಬಿಳುಪಿನ ಮೈಗೆ ಸದಾ ಮಸಿ, ಎಣ್ಣೆ ಮೆತ್ತಿರುತ್ತಿತ್ತು. ಅದಕ್ಕೇ 'ಡರ್ಟ್' ಎಂದು ಹೆಸರು. ಡರ್ಟ್‌ನನ್ನು ನೋಡಲೆಂದೇ ಜನ ಬರುತ್ತಿದ್ದರು. 2023ರಲ್ಲಿ ಅವನು ತೀರಿಕೊಂಡಾಗ ಅದು ದೊಡ್ಡ ಸುದ್ದಿಯೇ ಆಯಿತು!

ಓಡಿಸಿ ಸುಸ್ತಾಯಿತೇ? ರಾತ್ರಿ ಅಲ್ಲೇ ಮಲಗಿ. ಗೂಡ್ಸ್ ರೈಲಿನ ಕೊನೆಯಲ್ಲಿ ಸಿಬ್ಬಂದಿ ಕೂರುತ್ತಿದ್ದ ಹಳೆಯ ಡಬ್ಬಿಯೇ ಇಲ್ಲಿ ಅತಿಥಿಗೃಹ!

ಈಗ ಬ್ರಿಟನ್ನಿಗೆ ಬನ್ನಿ. ಅಲ್ಲಿ ಜನ ದುಡ್ಡು ಕೊಟ್ಟು ಕಲ್ಲಿದ್ದಲು ಸುರಿಯುತ್ತಾರೆ! ಸೆವೆರ್ನ್ ವ್ಯಾಲಿಯಂಥ ಪಾರಂಪರಿಕ ರೈಲ್ವೆಗಳಲ್ಲಿ ಎಂಜಿನ್ ಓಡಿಸುವುದರ ಜೊತೆಗೆ ಫೈರ್‌ಮನ್ ಕೆಲಸವನ್ನೂ ಕಲಿಸುತ್ತಾರೆ. ಸಲಿಕೆ ಹಿಡಿದು ಉರಿಯುವ ಒಲೆಯ ಬಾಯಿಗೆ ಕಲ್ಲಿದ್ದಲು ಎಸೆಯಬೇಕು. ರಾಶಿ ಹಾಕಿದರೆ ಆಗದು, ಒಲೆಯ ಮೂಲೆಮೂಲೆಗೂ ತೆಳ್ಳಗೆ ಹರಡಬೇಕು. ಮುಖವೆಲ್ಲ ಮಸಿ, ಬೆನ್ನೆಲ್ಲ ಬೆವರು. ಆದರೂ ನಗುನಗುತ್ತಲೇ ಇಳಿಯುತ್ತಾರೆ!

ಉಗಿ ಎಂಜಿನ್ ಕೀಲಿ ತಿರುಗಿಸಿದ ಕೂಡಲೇ ಹೊರಡುವ ಗಾಡಿಯಲ್ಲ. ತಣ್ಣಗಿದ್ದರೆ ಗಂಟೆಗಟ್ಟಲೆ ಬೆಂಕಿ ಹಾಕಬೇಕು. ಅವಸರಪಟ್ಟರೆ ಬಾಯ್ಲರಿನ ಲೋಹಕ್ಕೇ ಪೆಟ್ಟು. ನೀವು ಬೆಳಗ್ಗೆ ಬಂದು ಸೀಟಿನಲ್ಲಿ ಕೂರಬೇಕಾದರೆ ಯಾರೋ ನಸುಕಿಗೂ ಮುಂಚೆ ಎದ್ದಿರಲೇಬೇಕು!

ಪೋಲೆಂಡಿನ ಕಥೆ ಕೇಳಿದರೆ ಬೆಚ್ಚಿಬೀಳುತ್ತೀರಿ. ವೋಲ್‌ಶ್ಟಿನ್ ಎಂಬ ಊರಿನಲ್ಲಿ 1997ರಿಂದ ಹವ್ಯಾಸಿಗಳು ಹಣ ಕೊಟ್ಟು ಉಗಿ ರೈಲು ಓಡಿಸತೊಡಗಿದರು. ಮ್ಯೂಸಿಯಂ ಒಳಗಲ್ಲ! ಟಿಕೆಟ್ ಕೊಂಡ ಪ್ರಯಾಣಿಕರು ಕೂತಿದ್ದ, ವೇಳಾಪಟ್ಟಿಯ ಮಾಮೂಲಿ ರೈಲನ್ನೇ! ಪಕ್ಕದಲ್ಲಿ ಪೋಲೆಂಡಿನ ಡ್ರೈವರ್ ಕಣ್ಣಿಟ್ಟು ನಿಂತಿರುತ್ತಿದ್ದ, ನಿಜ. ಆದರೆ ಆಫೀಸಿಗೆ ಹೊರಟ ಜನರ ರೈಲಿಗೆ ಚಾಲಕ ಪರದೇಶದ ಪ್ರವಾಸಿ!

ಜಪಾನಿನವರು ಬಿಡುತ್ತಾರೆಯೇ? ಗುನ್ಮಾ ಪ್ರಾಂತದ ಯೊಕೊಕಾವಾದಲ್ಲಿ ಉಸುಯಿ ಘಾಟಿಯ ರೈಲ್ವೆ ಪಾರ್ಕ್ ಇದೆ. ಇಲ್ಲಿ ಓಡಿಸಲು ಸಿಗುವುದು ಇಎಫ್63 ಎಂಬ ವಿದ್ಯುತ್ ಎಂಜಿನ್. ತೂಕ 108 ಟನ್! ಮೊದಲು ಒಂದು ದಿನ ತರಗತಿಯಲ್ಲಿ ಕೂತು ಪಾಠ ಕೇಳಬೇಕು. ಕೊನೆಗೆ ಪರೀಕ್ಷೆ. ಪಾಸಾದವರು ಮತ್ತೆ ಮತ್ತೆ ಬಂದು ಹಣ ಕಟ್ಟಿ ಓಡಿಸಬಹುದು!

ಈ ಎಂಜಿನ್ ಹುಟ್ಟಿದ್ದೇ ಒಂದೇ ಒಂದು ಘಾಟಿಗಾಗಿ. ಉಸುಯಿಯ ಏರು ಎಷ್ಟು ಕಡಿದು ಅಂದರೆ 15 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರಬೇಕು. ರೈಲಿಗೆ ಇದು ಗೋಡೆ ಹತ್ತಿದಂತೆಯೇ! ಹತ್ತುವ ರೈಲನ್ನು ಎರಡು ಇಎಫ್63ಗಳು ಹಿಂದಿನಿಂದ ನೂಕುತ್ತಿದ್ದವು. ಇಳಿಯುವ ರೈಲನ್ನು ಜಾರದಂತೆ ತಡೆಯುತ್ತಿದ್ದವು. 1997ರಲ್ಲಿ ಬುಲೆಟ್ ರೈಲು ಬಂತು, ಘಾಟಿಯ ಹಳಿ ಮುಚ್ಚಿತು. ಕೆಲಸ ಕಳೆದುಕೊಂಡ ಎಂಜಿನ್‌ಗಳಿಗೆ ಈಗ ಪ್ರವಾಸಿಗಳೇ ಡ್ರೈವರ್!

ಎಂಜಿನ್ ಜೋಡಿಸಲು ಯೊಕೊಕಾವಾದಲ್ಲಿ ಪ್ರತಿ ರೈಲೂ ನಿಲ್ಲಬೇಕಿತ್ತು. ಅಷ್ಟರಲ್ಲಿ ಪ್ರಯಾಣಿಕರಿಗೆ ಹಸಿವು! 1958ರಲ್ಲಿ ಅಲ್ಲಿ ಮಣ್ಣಿನ ಕುಡಿಕೆಯಲ್ಲಿ ಬಿಸಿ ಅನ್ನದ ಊಟ ಮಾರಲು ಶುರು ಮಾಡಿದರು. ಹಳಿ ಮುಚ್ಚಿದರೂ ಆ ಕುಡಿಕೆ ಊಟ ಇಂದಿಗೂ ಮಾರಾಟವಾಗುತ್ತಿದೆ!

ಹಣ ಕೊಡದೆಯೇ ಓಡಿಸಿದವರೂ ಇದ್ದಾರೆ. ಬಲ್ಗೇರಿಯಾದ ದೊರೆ 3ನೇ ಬೋರಿಸ್‌ಗೆ ರೈಲೆಂದರೆ ಪ್ರಾಣ. ಪ್ರಖ್ಯಾತ ಓರಿಯೆಂಟ್ ಎಕ್ಸ್‌ಪ್ರೆಸ್ ತನ್ನ ದೇಶದೊಳಗೆ ಬಂದರೆ ದೊರೆಯೇ ಎಂಜಿನ್ ಹತ್ತಿ ಓಡಿಸುತ್ತಿದ್ದ!

ನಮ್ಮಲ್ಲಿ? ಭಾರತೀಯ ರೈಲ್ವೆಯ ಎಂಜಿನ್ನು ತರಬೇತಾದ ಲೋಕೋ ಪೈಲಟ್‌ಗಳ ಕೈಗಷ್ಟೇ. ಆದರೆ ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ಟಿಕೆಟ್ ಕೊಂಡು ಸಿಮ್ಯುಲೇಟರ್‌ನಲ್ಲಿ ರೈಲು ಓಡಿಸಬಹುದು. ಎದುರಿನ ಪರದೆಯಲ್ಲಿ ಹಳಿ ಓಡಿಬರುತ್ತದೆ!

ಮೈಸೂರಿನ ರೈಲು ಮ್ಯೂಸಿಯಂ ಅಂತೂ ಮನೆಬಾಗಿಲಲ್ಲೇ ಇದೆ. 1979ರಿಂದ ಹಳೆಯ ಉಗಿ ಎಂಜಿನ್‌ಗಳು ಅಲ್ಲಿ ಬಯಲಲ್ಲೇ ನಿಂತಿವೆ. ಹಳಿಯ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರು ಕೂಡ ಇದೆ. ಹೌದು, ರೈಲು ಗಾಲಿ ತೊಟ್ಟ ಕಾರು!

ಇಷ್ಟೆಲ್ಲ ಹಣ ಕೊಟ್ಟು ಓಡಿಸುವುದು ಬರೀ ಶೋಕಿ ಅನ್ನಿಸಿತೇ? ಇದನ್ನೂ ಕೇಳಿ. ಅಮೆರಿಕದಲ್ಲಿ ಉಗಿ ಎಂಜಿನ್ 1,472 ದಿನ ದುಡಿದರೆ, ಇಲ್ಲವೇ 15 ವರ್ಷ ಕಳೆದರೆ, ಬಾಯ್ಲರನ್ನು ಪೂರ್ತಿ ಬಿಚ್ಚಿ ಪರೀಕ್ಷಿಸಲೇಬೇಕು. ಕಾನೂನೇ ಹಾಗಿದೆ. ಇದಕ್ಕೆ ರಾಶಿ ಹಣ ಬೇಕು. ಆಸೆಯಿಂದ ಬಂದು ಓಡಿಸುವವರ ದುಡ್ಡು ಈ ಖರ್ಚಿಗೆ ಕೈಜೋಡಿಸುತ್ತದೆ. ಒಬ್ಬರ ಬಾಲ್ಯದ ಕನಸು ಶತಮಾನದ ಎಂಜಿನ್ನಿಗೆ ಆಯುಷ್ಯ ಕೊಡುತ್ತಿದೆ!

ಹಾಗಾಗಿ ವಿದೇಶಕ್ಕೆ ಹೊರಟಾಗ ನೋಡುವ ಜಾಗಗಳ ಪಟ್ಟಿಯಲ್ಲಿ ಒಂದು ರೈಲ್ವೆ ಮ್ಯೂಸಿಯಂ ಇರಲಿ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಮಕ್ಕಳಿದ್ದರೆ ಅವರಿಗೆ ಈಗಲೇ ಹೇಳಿಡಿ. ಅಲ್ಲಿಯವರೆಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಮೈಸೂರಿಗೆ ಹೋಗಿಬನ್ನಿ. ಎಂಜಿನ್ ಡ್ರೈವರ್ ಆಗುವ ಆಸೆಗೆ ವಯಸ್ಸಿನ ಮಿತಿ ಇಲ್ಲ!