ಮತಪೆಟ್ಟಿಗೆ ಎಲ್ಲಿತ್ತು, ಸ್ಕಾರ್ಗಿಲ್?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಮಾರ್ಗರೆಟ್ ಥ್ಯಾಚರ್ ಅಂದರೆ ಒಂದು ಅಂಕದ ಪ್ರಶ್ನೆ. ‘ಉಕ್ಕಿನ ಮಹಿಳೆ’ ಯಾರು? ಬ್ರಿಟನ್ನಿನ ಮೊದಲ ಮಹಿಳಾ ಪ್ರಧಾನಿ ಯಾರು? ಟಿಕ್ ಹಾಕಿ ಮುಂದಕ್ಕೆ ಹೋಗುವುದೇ. ನನಗೆ ಅವರು ಅದಕ್ಕಿಂತ ಹೆಚ್ಚು ಗಂಟುಬಿದ್ದದ್ದು ಕಾಲೇಜಿನ ಚರ್ಚಾ ಸ್ಪರ್ಧೆಯಿಂದ. ‘ಕಾರ್ಮಿಕ ನಾಯಕರೇ ಕಾರ್ಮಿಕರ ಶತ್ರುಗಳು’ ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ ‘ಪರ’ ಬಂತು. ಅಪ್ಪ ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವರು, ಒಂದು ವರ್ಷವೂ ಯೂನಿಯನ್ ಚಂದಾ ತಪ್ಪಿಸಿದವರಲ್ಲ. ಅವರ ಮಗಳು ಈ ಮಾತು ಹೇಳುವುದು ಹೇಗೆ ಎಂಬ ಕಸಿವಿಸಿಯಲ್ಲೇ ಲೈಬ್ರರಿಗೆ ಹೋದೆ. ಅಲ್ಲಿ ಸಿಕ್ಕಿದ್ದು ಥ್ಯಾಚರ್ ಮತ್ತು ಆರ್ಥರ್ ಸ್ಕಾರ್ಗಿಲ್ ನಡುವಿನ ಜಗಳ.

ಥ್ಯಾಚರ್ ಕನ್ಸರ್ವೇಟಿವ್ ಪಕ್ಷದವರು, ಗ್ರಾಂಥಮ್ ಎಂಬ ಊರಿನ ಕಿರಾಣಿ ಅಂಗಡಿಯವರ ಮಗಳು. ಸ್ಕಾರ್ಗಿಲ್ ಯಾರ್ಕ್‌ಶೈರ್‌ನ ಗಣಿ ಕಾರ್ಮಿಕನ ಮಗ, ಹದಿನೈದಕ್ಕೇ ಶಾಲೆ ಬಿಟ್ಟು ಕಲ್ಲಿದ್ದಲು ಗಣಿಗೆ ಸೇರಿದವರು. 1981ರ ಕೊನೆಗೆ ರಾಷ್ಟ್ರೀಯ ಗಣಿ ಕಾರ್ಮಿಕರ ಯೂನಿಯನ್ನಿನ ಅಧ್ಯಕ್ಷರಾಗಿ ಗೆದ್ದಾಗ ಅವರಿಗೆ ಬಿದ್ದದ್ದು ಸುಮಾರು ಶೇ 70ರಷ್ಟು ಮತ.

ಕನ್ಸರ್ವೇಟಿವ್ ಪಕ್ಷಕ್ಕೆ ಗಣಿ ಕಾರ್ಮಿಕರೊಂದಿಗೆ ಹಳೆಯ ಲೆಕ್ಕವೂ ಬಾಕಿ ಇತ್ತು. 1974ರಲ್ಲಿ ಅವರ ಮುಷ್ಕರದ ನಡುವೆಯೇ ಪ್ರಧಾನಿ ಎಡ್ವರ್ಡ್ ಹೀತ್ ‘ದೇಶ ಆಳುವವರು ಯಾರು’ ಎಂದು ಕೇಳುತ್ತಾ ಚುನಾವಣೆಗೆ ಹೋಗಿ ಅಧಿಕಾರ ಕಳೆದುಕೊಂಡಿದ್ದರು. ಆ ಸಂಪುಟದಲ್ಲಿ ಥ್ಯಾಚರ್ ಶಿಕ್ಷಣ ಸಚಿವೆ. ಮುಂದೆ 1978–79ರ ಚಳಿಗಾಲದಲ್ಲಿ ಮುಷ್ಕರಗಳ ಸಾಲು ಸಾಲು. ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ಕಸದ ರಾಶಿ ಬಿತ್ತು, ಲಿವರ್‌ಪೂಲ್‌ನಲ್ಲಿ ಗೋರಿ ತೋಡುವವರೂ ಕೆಲಸ ನಿಲ್ಲಿಸಿದರು. ಅದೇ ವರ್ಷ ಥ್ಯಾಚರ್ ಗೆದ್ದರು.

ಅವರ ಟೀಕೆಯಲ್ಲಿ ಒಂದು ಜಾಣತನವಿತ್ತು. ನನ್ನ ತಕರಾರು ಕಾರ್ಮಿಕರ ಮೇಲಲ್ಲ, ಅವರನ್ನು ಒಂದು ಮಾತೂ ಕೇಳದೆ ಬೀದಿಗೆ ಎಳೆಯುವ ನಾಯಕರ ಮೇಲೆ ಎಂಬುದು ಅವರ ವಾದ. ಸದಸ್ಯರಿಗೆ ಗುಪ್ತ ಮತದಾನದ ಹಕ್ಕು ಕೊಡಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ಇದನ್ನು ಬೇಡ ಎನ್ನುವುದು ಹೇಗೆ? ನಾಯಕ ಬೇರೆ, ಕಾರ್ಮಿಕ ಬೇರೆ ಎಂದು ಸಲೀಸಾಗಿ ಗೆರೆ ಎಳೆದುಬಿಟ್ಟಿದ್ದರು.

ಆ ಗೆರೆಯ ಮೇಲೆ ಸ್ಕಾರ್ಗಿಲ್ ತಾವಾಗಿಯೇ ಬಂದು ನಿಂತರು. 1984ರ ಮಾರ್ಚ್‌ನಲ್ಲಿ ಸರ್ಕಾರಿ ಕಲ್ಲಿದ್ದಲು ಮಂಡಳಿ ಸುಮಾರು 20 ಗಣಿ ಮುಚ್ಚುವುದಾಗಿಯೂ 20,000 ಕೆಲಸ ಹೋಗುವುದಾಗಿಯೂ ಪ್ರಕಟಿಸಿತು. ಇಪ್ಪತ್ತಲ್ಲ, ಗುಟ್ಟಾಗಿ ಎಪ್ಪತ್ತು ಗಣಿಗಳ ಪಟ್ಟಿಯಿದೆ ಎಂದು ಸ್ಕಾರ್ಗಿಲ್ ಕೂಗಿ ಹೇಳಿದರು. ಮುಷ್ಕರ ಶುರುವಾಯಿತು, ಆದರೆ ದೇಶವ್ಯಾಪಿ ಮತದಾನ ನಡೆಯಲೇ ಇಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. 1982ರ ಅಕ್ಟೋಬರ್ ಮತ್ತು 1983ರ ಮಾರ್ಚ್‌ನಲ್ಲಿ ಮುಷ್ಕರಕ್ಕಾಗಿ ಮತ ಕೇಳಿದಾಗ ಎರಡೂ ಸಲ ಸದಸ್ಯರು ಬೇಡ ಎಂದಿದ್ದರು. ಈ ಸಲ ಒಂದೊಂದು ಪ್ರಾಂತ್ಯ ತಾನೇ ಹೊರಗೆ ಬಂದರೆ ಉಳಿದವರು ಹಿಂದೆ ಬರುತ್ತಾರೆ ಎಂಬ ಲೆಕ್ಕಾಚಾರ. ಸ್ಕಾರ್ಗಿಲ್ ಪರ ಒಂದು ನ್ಯಾಯವಾದ ಮಾತೂ ಇತ್ತು: ತನ್ನ ಗಣಿಗೆ ಅಪಾಯವಿಲ್ಲದವನು ಮತ ಹಾಕಿ ಇನ್ನೊಬ್ಬನ ಕೆಲಸ ಕಳೆಯಬಹುದೇ? ಒಳ್ಳೆಯ ಪ್ರಶ್ನೆಯೇ. ಆದರೆ ಅದನ್ನು ಸದಸ್ಯರ ಮುಂದಿಟ್ಟು ಗೆಲ್ಲಬೇಕಿತ್ತು. ಅವರನ್ನು ದಾಟಿ ಹೋಗುವುದಕ್ಕೆ ಅದು ನೆಪವಾಗಬಾರದಿತ್ತು.

ನಾಟಿಂಗ್‌ಹ್ಯಾಮ್‌ಶೈರ್‌ನ ಕಾರ್ಮಿಕರು ತಾವೇ ಮತ ಹಾಕಿಕೊಂಡು, ಬಹುಮತದಿಂದ ಮುಷ್ಕರ ಬೇಡ ಎಂದು ಗಣಿಗೆ ಇಳಿದರು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆಯಾದ ಮನೆಗಳಿದ್ದವು. ಯಾರ್ಕ್‌ಶೈರ್‌ನ ಇಬ್ಬರು ಗಣಿ ಕಾರ್ಮಿಕರೇ ಕೋರ್ಟಿಗೆ ಹೋದರು, ಮತದಾನವಿಲ್ಲದ ಮುಷ್ಕರ ಅಧಿಕೃತವಲ್ಲ ಎಂದು ತೀರ್ಪಾಯಿತು. ಆಮೇಲೆ ಯೂನಿಯನ್ನಿಗೆ ಎರಡು ಲಕ್ಷ ಪೌಂಡ್ ದಂಡ, ಆಸ್ತಿ ಜಪ್ತಿ. ಲೇಬರ್ ಪಕ್ಷದ ನಾಯಕ ನೀಲ್ ಕಿನಕ್ ಸ್ವತಃ ಗಣಿ ಕಾರ್ಮಿಕನ ಮಗ. ಮತದಾನ ನಡೆಸಿ ಎಂದು ಆಗಲೇ ಗಟ್ಟಿಯಾಗಿ ಹೇಳಬೇಕಿತ್ತು ಎಂದು ಅವರು ಎಷ್ಟೋ ವರ್ಷಗಳ ನಂತರ ಪರಿತಪಿಸಿದರು.

ಇಷ್ಟು ಓದಿದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ: ‘ನಿಮ್ಮಲ್ಲಿ ಸ್ಟ್ರೈಕ್ ಮಾಡೋ ಮುಂಚೆ ವೋಟ್ ಹಾಕಿಸ್ತಿದ್ರಾ?’ ಅಪ್ಪ ನಕ್ಕರು. ‘ಗೇಟ್ ಮೀಟಿಂಗ್‌ನಲ್ಲಿ ಕೈ ಎತ್ತಿ ಅಂತಿದ್ರು, ಎತ್ತುತ್ತಿದ್ವಿ. ಪಕ್ಕದೋನು ಎತ್ತಿರೋವಾಗ ನಾನೊಬ್ಬ ಇಳಿಸಿಕೊಂಡು ನಿಲ್ಲಕ್ಕಾಗುತ್ತೇನಮ್ಮಾ?’ ಅಂದವರು, ಸ್ವಲ್ಪ ಹೊತ್ತು ಬಿಟ್ಟು, ‘ಹಂಗಂತ ಯೂನಿಯನ್ ಇಲ್ದಿದ್ರೆ ನಿನ್ನ ಫೀಸ್ ಕಟ್ಟೋ ಸಂಬಳಾನೂ ಬರ್ತಿರಲಿಲ್ಲ, ಅದನ್ನೂ ಹೇಳು ನಿನ್ನ ಭಾಷಣದಲ್ಲಿ’ ಅಂದರು. ಗುಪ್ತ ಮತದಾನದ ಬಗ್ಗೆ ಓದಿದ ಯಾವ ಪುಸ್ತಕವೂ ನನಗೆ ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ.

ಹಾಗಾದರೆ ಥ್ಯಾಚರ್ ಹೇಳಿದ್ದೇ ಸರಿಯೇ? ಮತದಾನದ ಮಟ್ಟಿಗೆ ಸರಿ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1984ರ ಜುಲೈಯಲ್ಲಿ ತಮ್ಮ ಪಕ್ಷದ ಸಂಸದರ ಎದುರು ಮಾತಾಡುತ್ತಾ, ಫಾಕ್‌ಲ್ಯಾಂಡ್ಸ್‌ನಲ್ಲಿ ಹೊರಗಿನ ವೈರಿಯೊಂದಿಗೆ ಕಾದಾಡಿದೆವು, ಒಳಗಿನ ವೈರಿ ಅದಕ್ಕಿಂತ ಅಪಾಯಕಾರಿ ಎಂಬರ್ಥದ ಮಾತಾಡಿದರು. ನಾಯಕರನ್ನು ಕುರಿತೇ ಹೇಳಿದ್ದು ಎಂದು ಅವರ ಕಡೆಯವರ ಸಮಜಾಯಿಷಿ. ಕೇಳಿಸಿಕೊಂಡ ಗಣಿ ಊರುಗಳಿಗೆ ಹಾಗೆ ಕೇಳಿಸಲಿಲ್ಲ. ಆರ್‌ಗ್ರೀವ್‌ನಲ್ಲಿ ಕುದುರೆ ಪೊಲೀಸರು ಮೈಮೇಲೆ ಬಂದಾಗ ಲಾಠಿಗೆ ನಾಯಕ ಯಾರು, ಸದಸ್ಯ ಯಾರು ಎಂಬುದು ಗೊತ್ತಿರಲಿಲ್ಲ. ಥ್ಯಾಚರ್ ಎಳೆದಿದ್ದ ಆ ಸಲೀಸು ಗೆರೆ ಅಲ್ಲೇ ಅಳಿಸಿಹೋಯಿತು.

ಇನ್ನು ಎಪ್ಪತ್ತು ಗಣಿಗಳ ಪಟ್ಟಿ. ಅದು ಶುದ್ಧ ಸುಳ್ಳು ಎಂದು ಕಲ್ಲಿದ್ದಲು ಮಂಡಳಿಯ ಅಧ್ಯಕ್ಷ ಇಯಾನ್ ಮೆಕ್‌ಗ್ರೆಗರ್ ಕಾರ್ಮಿಕರಿಗೆ ಪತ್ರ ಬರೆದು ತಿಳಿಸಿದ್ದರು. ಮೂವತ್ತು ವರ್ಷಗಳ ನಂತರ, 2014ರ ಜನವರಿಯಲ್ಲಿ, ಬ್ರಿಟನ್ನಿನ ಸಂಪುಟ ಕಡತಗಳು ಬಹಿರಂಗವಾದವು. ಮೂರು ವರ್ಷಗಳಲ್ಲಿ 75 ಗಣಿಗಳನ್ನು ಮುಚ್ಚುವ ಯೋಜನೆ ಮೆಕ್‌ಗ್ರೆಗರ್ ಬಳಿ ಇದೆ ಎಂದು 1983ರ ಸೆಪ್ಟೆಂಬರ್‌ನಲ್ಲೇ ಪ್ರಧಾನಿ ಸಭೆಯಲ್ಲಿ ಚರ್ಚೆಯಾಗಿತ್ತು. ಸದಸ್ಯರಿಂದ ಏನನ್ನೂ ಮುಚ್ಚಿಡಬಾರದು ಎಂದು ನಾಯಕರಿಗೆ ಪಾಠ ಹೇಳಿದವರೇ ಆ ಸದಸ್ಯರಿಂದ ಮುಚ್ಚಿಟ್ಟದ್ದು ಇದನ್ನು. ಸತ್ಯ ಹೇಳಿದವರು ಮತ ಕೇಳಲಿಲ್ಲ, ಮತ ಕೇಳಿ ಎಂದವರು ಸತ್ಯ ಹೇಳಲಿಲ್ಲ. ನಿಜ ಸಂಖ್ಯೆ ಗೊತ್ತಿದ್ದು ಮತಪೆಟ್ಟಿಗೆ ಇಟ್ಟಿದ್ದರೆ ಸ್ಕಾರ್ಗಿಲ್ ಗೆಲ್ಲುತ್ತಿದ್ದರು ಎಂದು ನನ್ನ ಅನಿಸಿಕೆ. ಚರ್ಚೆಯಲ್ಲಿ ನಾನು ಇದನ್ನೇ ಹೇಳಿದೆ. ನೀವು ‘ಪರ’ವೋ ‘ವಿರೋಧ’ವೋ ಎಂದು ತೀರ್ಪುಗಾರರು ಕೇಳಿದರು. ಬಹುಮಾನ ಬರಲಿಲ್ಲ, ಬಿಡಿ.

ಒಂದು ವರ್ಷದ ನಂತರ, 1985ರ ಮಾರ್ಚ್ 3ರಂದು, 98–91 ಮತಗಳಿಂದ ಯೂನಿಯನ್ ಪ್ರತಿನಿಧಿಗಳು ಮುಷ್ಕರ ಕೈಬಿಟ್ಟರು. ಯಾವ ಒಪ್ಪಂದವೂ ಆಗಿರಲಿಲ್ಲ. ಬ್ಯಾಂಡ್ ಬಾರಿಸುತ್ತಾ, ಬಾವುಟ ಹಿಡಿದು ಗಣಿಗೆ ವಾಪಸಾದರು. ಕೆಲಸಕ್ಕೆ ಹೋಗಿದ್ದ ನಾಟಿಂಗ್‌ಹ್ಯಾಮ್‌ಶೈರ್‌ನವರು ಅದೇ ವರ್ಷ ತಮ್ಮದೇ ಬೇರೆ ಯೂನಿಯನ್ ಕಟ್ಟಿಕೊಂಡರು. ಸರ್ಕಾರ ತಮ್ಮ ಗಣಿಗಳನ್ನು ಉಳಿಸುತ್ತದೆ ಎಂಬ ನಂಬಿಕೆ ಅವರಲ್ಲಿ ಬಹಳ ಜನಕ್ಕಿತ್ತು. ಅವುಗಳೂ ಒಂದೊಂದಾಗಿ ಮುಚ್ಚಿದವು. ಆ ಪ್ರಾಂತ್ಯದ ಕೊನೆಯ ಗಣಿ ಥೋರ್ಸ್‌ಬಿ, 2015ರ ಜುಲೈಯಲ್ಲಿ ಬಾಗಿಲು ಹಾಕಿತು.